ಏಳಕ್ಕೇರದ ಆರು

ಕಡತ ತೆರೆಯುವುದು, ಮೆಮೊರಿ ಪಡೆಯುವುದು, ಪರದೆಯ ಮೇಲೆ ಅಕ್ಷರ ಮೂಡಿಸುವುದು ಮುಂತಾದ ನಿತ್ಯದ ಕೆಲಸಗಳಿಗೆ ಲಿನಕ್ಸ್ ಪಿಸಿಯ ಬಹುತೇಕ ಪ್ರೋಗ್ರಾಂಗಳು ನೆಚ್ಚಿಕೊಂಡಿರುವ ಲೈಬ್ರರಿಯ, ಎಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಫಂಕ್ಷನ್‌ಗಳ ಕಡತದ, ಹೆಸರು ‘ಲಿಬ್‌ಸಿ.ಎಸ್‌ಒ.6’. ಗ್ಲಿಬ್‌ಸಿ ಎಂದು ಕರೆಯಲಾಗುವ ಗ್ನು ಯೋಜನೆಯ ಈ ಲೈಬ್ರರಿಯ 2.0 ಆವೃತ್ತಿ 1997ರಲ್ಲಿ ಬಂದಿತು. ಅನಂತರ ಹತ್ತಾರು ಆವೃತ್ತಿಗಳು ಹೊರಬಂದರೂ ಹೆಸರಿನ ತುದಿಯ ಆರು ಏಳಾಗಲಿಲ್ಲ. ಆವೃತ್ತಿಯ ಸಂಖ್ಯೆ ಹೊಸದೇನಿದೆ ಎಂಬುದನ್ನು ಹೇಳಿದರೆ, ಸೋನೇಮ್ ಎನ್ನಲಾಗುವ ಈ ಕಡತನಾಮದ ಸಂಖ್ಯೆ ಹಳೆಯ ಪ್ರೋಗ್ರಾಂಗಳು ಇನ್ನೂ ಓಡುತ್ತವೆಯೇ ಎಂಬುದನ್ನು ಹೇಳುತ್ತದೆ. ಸೋರ್ಸ್ ಕೋಡ್‌ನಿಂದಲೇ ಉಪಕರಣಗಳನ್ನು ಬಿಲ್ಡ್ ಮಾಡಿಕೊಳ್ಳುವವರ ತಲೆನೋವಿನ ಅರ್ಧಭಾಗ ಇವೆರಡನ್ನೂ ಒಂದೆಂದು ಬಗೆಯುವುದರಿಂದ ಹುಟ್ಟುತ್ತದೆ.

ಆರನ್ನು ಆರಾಗಿಯೇ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದಕ್ಕೆ ಮೆಮ್‌ಕಾಪಿ ಎಂಬ ಪುಟ್ಟ ಫಂಕ್ಷನ್ನಿನ ಪ್ರಸಂಗವೇ ಸಾಕ್ಷಿ. ಮೆಮೊರಿಯ ಒಂದೆಡೆಯಿಂದ ಇನ್ನೊಂದೆಡೆಗೆ ಬೈಟ್‌ಗಳನ್ನು ನಕಲಿಸುವ ಇದನ್ನು ಎರಡು ಜಾಗಗಳು ಒಂದರ ಮೇಲೊಂದು ಹಾಯ್ದಿರುವಾಗ ಬಳಸಕೂಡದು, ಅದಕ್ಕೆಂದೇ ಮೆಮ್‌ಮೂವ್ ಇದೆ ಎಂಬುದು ಸಿ ಭಾಷೆಯ ನಿಯಮ. 2010ರಲ್ಲಿ, ಹೊಸ ಪ್ರೊಸೆಸರ್‌ಗಳಲ್ಲಿ ವೇಗ ಹೆಚ್ಚಿಸಲೆಂದು ಕೊನೆಯ ಬೈಟ್‌ನಿಂದ ಮೊದಲಿನತ್ತ ನಕಲಿಸುವ ಮೆಮ್‌ಕಾಪಿಯು ಲಿನಕ್ಸ್ ವಿತರಣೆ ಫೆಡೋರಾ 14ರೊಡನೆ ಬಂದಾಗ, ಆ ನಿಯಮವನ್ನು ಸದ್ದಿಲ್ಲದೆ ಮುರಿದಿದ್ದ ಫ್ಲ್ಯಾಶ್ ಪ್ಲೇಯರಿನ ಧ್ವನಿ ಕೆಟ್ಟುಹೋಯಿತು. ನಿಯಮ ಲೈಬ್ರರಿಯ ಪರವಾಗಿಯೇ ಇತ್ತು. ಆದರೆ ಬಳಕೆದಾರನಿಗೆ ಬೇಕಿದ್ದುದು ಧ್ವನಿಯೇ ಹೊರತು ನಿಯಮವಲ್ಲ ಎಂಬರ್ಥದ, ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್‌ರ ವಾದವೂ ತೂಕದ್ದೇ. 2011ರ 2.14 ಆವೃತ್ತಿಯಲ್ಲಿ ಕಂಡುಕೊಂಡ ಪರಿಹಾರದಂತೆ, ಒಂದೇ ಕಡತದಲ್ಲಿ ಎರಡು ಮೆಮ್‌ಕಾಪಿಗಳು ಬೇರೆ ಬೇರೆ ಚೀಟಿ ಹೊತ್ತು ನೆಲೆಸಿದವು: ಹಿಂದೆ ಕಂಪೈಲ್ ಆದ ಪ್ರೋಗ್ರಾಂಗಳಿಗೆ 2.2.5 ಚೀಟಿಯ ನಿರಪಾಯ ರೂಪ, ಹೊಸದಾಗಿ ಕಂಪೈಲ್ ಆಗುವವಕ್ಕೆ 2.14 ಚೀಟಿಯ ವೇಗದ ರೂಪ. ಸಿಂಬಲ್ ವರ್ಷನಿಂಗ್ ಎಂಬ ಈ ಏರ್ಪಾಡು ನೋಡಲು ಚೆಂದವಲ್ಲದಿದ್ದರೂ, ಹಳಬರನ್ನು ಹೊರದಬ್ಬದ ಇದರ ಉದಾರತೆ ಮೆಚ್ಚತಕ್ಕದ್ದು.

ಈ ಉದಾರತೆ ಒಂದೇ ದಿಕ್ಕಿನದು. 2021ರ 2.34 ಆವೃತ್ತಿಯಲ್ಲಿ ಥ್ರೆಡ್ ಲೈಬ್ರರಿಯನ್ನು ಮುಖ್ಯ ಕಡತದೊಳಕ್ಕೆ ವಿಲೀನಗೊಳಿಸಿದಾಗ ಪ್ರೋಗ್ರಾಂ ಆರಂಭಿಸುವ ಫಂಕ್ಷನ್ನಿಗೂ ಹೊಸ ಚೀಟಿ ಬಿದ್ದುದರಿಂದ, 2.35 ಇರುವ ಉಬುಂಟು 22.04ರಲ್ಲಿ ಎಂದಿನಂತೆ ಕಂಪೈಲ್ ಮಾಡಿದ ಒಂದು ಸಾಲಿನ ಸಿ ಪ್ರೋಗ್ರಾಂ ಕೂಡ, 2.31 ಇರುವ 20.04ರಲ್ಲಿ ‘ಗ್ಲಿಬ್‌ಸಿ_2.34’ ಸಿಗಲಿಲ್ಲವೆಂದು ಹಟ ಹಿಡಿಯುತ್ತದೆ. ಹೊಸ ಲಿಬ್‌ಸಿಯನ್ನು ಹಳೆಯದರ ಮೇಲೆ ನಕಲಿಸುವ ದುಸ್ಸಾಹಸಕ್ಕಿಳಿದರೆ ‘ಎಲ್‌ಎಸ್‌’ನಂಥ ಆದೇಶವೂ ಓಡದಂತಾಗಬಹುದು, ಹಳೆಯ ವ್ಯವಸ್ಥೆಯಲ್ಲೇ ಬಿಲ್ಡ್ ಮಾಡುವುದು ಸರಿಯಾದ ಹಾದಿ. ಪೈಥಾನ್ ಪ್ಯಾಕೇಜ್‌ಗಳ ‘ಮೆನಿಲಿನಕ್ಸ್2014’ ಕಟ್ಟಳೆ, 2.17 ಇರುವ ಸೆಂಟ್‌ಒಎಸ್ 7ನ್ನು ಆಧರಿಸಿದ್ದು ಈ ಕಾರಣಕ್ಕೇ.

ಜಿಸಿಸಿ ಕಂಪೈಲರನ್ನೇ ಬಿಲ್ಡ್ ಮಾಡುವವರಿಗೆ ಇನ್ನೊಂದು ಆರು ಎದುರಾಗುತ್ತದೆ. ಜಿಎಂಪಿ, ಎಂಪಿಎಫ್ಆರ್, ಎಂಪಿಸಿ ಎಂಬ ಮೂರು ಗಣಿತ ಲೈಬ್ರರಿಗಳನ್ನು ಒದಗಿಸಿ, ಸೋರ್ಸ್‌ನಿಂದ ಬೇರೆಯದೇ ಆದ ಡೈರೆಕ್ಟರಿಯಲ್ಲಿ ಕೆಲಸ ಆರಂಭಿಸಿದರೆ, ಹಳೆಯ ಕಂಪೈಲರ್ ಹೊಸದನ್ನು, ಆ ಹೊಸದು ತನ್ನನ್ನೇ ಮತ್ತೆರಡು ಬಾರಿ ಕಟ್ಟಿಕೊಂಡು, ಕೊನೆಯ ಎರಡು ಹಂತಗಳ ಕಡತಗಳು ತಾಳೆಯಾದ ಮೇಲಷ್ಟೇ ಮುಂದುವರಿಯುತ್ತದೆ. ಇಷ್ಟೆಲ್ಲ ನಿಷ್ಠೆಯಿಂದ ಕಟ್ಟಿದ ಕಂಪೈಲರ್ ಹೊರತಂದ ಸಿ++ ಪ್ರೋಗ್ರಾಂ, ಓಡುವಾಗ ಮಾತ್ರ ವ್ಯವಸ್ಥೆಯ ಹಳೆಯ ಸಿ++ ಲೈಬ್ರರಿ ‘ಲಿಬ್‌ಎಸ್‌ಟಿಡಿಸಿ++.ಎಸ್‌ಒ.6’ನ್ನು ಹುಡುಕಿಕೊಂಡು ಹೋಗಿ ಮುಗ್ಗರಿಸುವುದುಂಟು. 2004ರ ಜಿಸಿಸಿ 3.4ರಿಂದ ಇದರ ಸಂಖ್ಯೆಯೂ ಬದಲಾಗದ ಕಾರಣ, ಹೊಸದೂ ಹಳೆಯದೂ ಹೆಸರಿನಲ್ಲಿ ಒಂದೇ. ಲೈಬ್ರರಿ ಇರುವ ಜಾಗವನ್ನು ಪ್ರೋಗ್ರಾಮಿನೊಳಗೇ ಬರೆದಿಡುವ ಆರ್‌ಪಾಥ್ ಇದಕ್ಕೆ ತಕ್ಕ ಮದ್ದು. ಹಲವರು ಮೊದಲು ಕೈಹಾಕುವ ‘ಎಲ್‌ಡಿ_ಲೈಬ್ರರಿ_ಪಾಥ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಪರೀಕ್ಷೆಯ ಹೊತ್ತಿಗೆ ಅಡ್ಡಿಯಿಲ್ಲ; ಲಾಗಿನ್ ಕಡತದಲ್ಲಿ ಶಾಶ್ವತವಾಗಿ ಬರೆದಿಟ್ಟರೆ, ಸಂಬಂಧವೇ ಇಲ್ಲದ ಪ್ರೋಗ್ರಾಂಗಳೂ ಆ ಹೊಸ ಲೈಬ್ರರಿಗಳನ್ನೇ ಎತ್ತಿಕೊಳ್ಳುತ್ತವೆ.