ಹಣೆಪಟ್ಟಿಯ ಹಿರಿಮೆ

ಲೋಕದ ನಾನಾ ಮೂಲೆಗಳಿಂದ, ಪರಸ್ಪರ ಪರಿಚಯವಿಲ್ಲದ ಬಳಕೆದಾರರು ತಮಗೆ ತೋರಿದಂತೆ ಬರೆದು ಕಳುಹುವ ದೂರು, ಬಿನ್ನಹ, ಸಲಹೆಗಳೆಲ್ಲ ಒಂದೇ ರಾಶಿಯಾಗಿ ಬಂದು ಬೀಳುವೆಡೆಯಲ್ಲಿ, ಯಾವುದನ್ನು ಯಾರು ಮೊದಲು ನೋಡತಕ್ಕದ್ದೆಂಬ ವಿವೇಕವನ್ನು ಎರಡು ಮೂರು ಪದಗಳ ಹಣೆಪಟ್ಟಿಯೊಂದು ಒದಗಿಸಿಕೊಡುವ ಬಗೆಯನ್ನು ಕಾಣಬೇಕಾದರೆ, ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಗಿಟ್‌ಹಬ್ ಭಂಡಾರವನ್ನು ಅವಲೋಕಿಸಬೇಕು. ಅಲ್ಲಿನ ಪಟ್ಟಿಗಳಿಗೆ ಆದ್ಯಕ್ಷರವೇ ಕುಲಸೂಚಕ: ‘ಎ’ ಎಂದರೆ ತಂತ್ರಾಂಶದ ಯಾವ ಭಾಗಕ್ಕೆ ಸೇರಿದ್ದೆಂಬುದು, ‘ಸಿ’ ಎಂದರೆ ದೋಷವೋ ಹೊಸ ಕೋರಿಕೆಯೋ ಎಂಬ ವರ್ಗ, ‘ಪಿ’ ಎಂದರೆ ತುರ್ತಿನ ತಾರತಮ್ಯ, ‘ಟಿ’ ಎಂದರೆ ಹೊಣೆ ಹೊರುವ ತಂಡ. ಕಂಪೈಲರ್ ತಾನೇ ಕುಸಿದುಬಿದ್ದಿತೆಂಬ ವರದಿಗೆ ‘ಐ-ಐಸಿಇ’ ಎಂಬ ಪಟ್ಟಿ ಅಂಟಿತೆಂದರೆ, ಬರೆದವರ ಕೋಪತಾಪಗಳೆಲ್ಲ ಹಿಂದೆ ಸರಿದು, ಪರಿಹರಿಸಬೇಕಾದ ವಿಷಯವಷ್ಟೇ ಮುಂದೆ ನಿಲ್ಲುತ್ತದೆ.

ಎಲ್ಲಕ್ಕಿಂತಲೂ ನನಗೆ ಪ್ರಿಯವಾದುದು ‘ಇ’ ವರ್ಗ. ‘ಇ-ಈಸಿ’ ಎಂಬುದು ಕೆಲಸ ಸುಲಭವೆಂದು ಹೊಸಬರಿಗೆ ಧೈರ್ಯ ಹೇಳಿದರೆ, ‘ಇ-ಮೆಂಟರ್’ ಎಂಬುದು ಕೈಹಿಡಿದು ನಡೆಸಲು ಅನುಭವಿಯೊಬ್ಬರು ಸಿದ್ಧರಿರುವರೆಂದು ಸಾರುತ್ತದೆ. ವಿಶೇಷಾಧಿಕಾರವಿಲ್ಲದ ಸಾಮಾನ್ಯರೂ ‘ರಸ್ಟ್‌ಬಾಟ್’ ಎಂಬ ಸ್ವಯಂಚಾಲಿತ ತಂತ್ರಾಂಶಕ್ಕೆ ಒಂದು ಸಾಲು ಬರೆದು ಅನೇಕ ಪಟ್ಟಿಗಳನ್ನು ಹಚ್ಚಿಸಬಹುದಾದ್ದರಿಂದ, ವಿಂಗಡಣೆಯೂ ಸಮುದಾಯದ ಸೇವೆಯೇ ಆಗಿದೆ. ಪಟ್ಟಿಗಳು ಮಿತಿಮೀರಿದರೆ ಅವನ್ನೇ ವಿಂಗಡಿಸುವ ಕಷ್ಟ ಬಂದೀತು. ಆದರೂ ದೂರನ್ನು ದುಡಿಮೆಯನ್ನಾಗಿ ಮಾರ್ಪಡಿಸುವ ಈ ಕೌಶಲ ಸರ್ವಥಾ ಶ್ಲಾಘ್ಯವಾದುದು.