ಕೈಬಿಟ್ಟ ಹಡಗಿನ ರಾತ್ರಿಚಿತ್ರಗಳು

ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಓದಿದ್ದು ಕನ್ನಡ ಎಂ.ಎ., ಹೊಟ್ಟೆಪಾಡು ಇನ್ನೊಂದು, ಹುಚ್ಚು ಛಾಯಾಚಿತ್ರದ್ದು. ಕಾಫಿ ಆರುವ ಮೊದಲೇ ಕಂಪ್ಯೂಟರು ತೆರೆದು ಕೆಲವು ಚಿತ್ರಗಳನ್ನು ತೋರಿಸಿದ. ಕೈಬಿಟ್ಟ ಭಾರಿ ಹಡಗೊಂದರೊಳಕ್ಕೆ ರಾತ್ರಿಯ ಹೊತ್ತು ನುಸುಳಿದವರು ತೆಗೆದ ಚಿತ್ರಗಳವು. ಓಣಿಯಂತೆ ಉದ್ದಕ್ಕೆ ಸಾಗುವ ನಡುದಾರಿ, ತೆರೆದೇ ಉಳಿದ ಬಾಗಿಲುಗಳು, ಚುಕ್ಕಾಣಿಯ ಕೋಣೆ, ಗೋಡೆಯಿಂದ ಎಲೆಎಲೆಯಾಗಿ ಎದ್ದ ಬಣ್ಣ. "ಸಾರ್, ಇದು ಕರುಣರಸವಲ್ಲವೇ?" ಎಂದ. ತರಗತಿಯಲ್ಲಿ ನಾನು ಹೇಳಿಕೊಟ್ಟ ಮಾತನ್ನೇ ನನ್ನ ಮೇಲೆ ತಿರುಗಿಸಿದಂತಾಯಿತು. ಹೌದೆನ್ನಲು ಹೊರಟವನು ತಡೆದುಕೊಂಡೆ. ಯಾಕೆ ತಡೆದುಕೊಂಡೆನೆಂಬುದನ್ನು ಅಂದು ಅವನಿಗೆ ವಿವರಿಸಲಾಗಲಿಲ್ಲ, ಇಲ್ಲಿ ಪ್ರಯತ್ನಿಸುತ್ತೇನೆ.

ಹಡಗಿನ ಹೆಸರು 'ಇಂಡಿಪೆಂಡೆನ್ಸ್'. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕ್ವಿನ್ಸಿಯಲ್ಲಿ ಕಟ್ಟಿದ್ದು. 1950ರಲ್ಲಿ ನೀರಿಗಿಳಿದು ಮರುವರ್ಷ ಯಾನ ಆರಂಭಿಸಿತು. 683 ಅಡಿ ಉದ್ದ, ಸುಮಾರು ಸಾವಿರ ಮಂದಿ ಪ್ರಯಾಣಿಕರು, ನ್ಯೂಯಾರ್ಕಿನಿಂದ ಮೆಡಿಟರೇನಿಯನ್ ಸಮುದ್ರದ ಊರುಗಳಿಗೆ ಹೋಗಿಬರುವ ಕೆಲಸ. ಒಳಗಣ ಅಲಂಕಾರ ಹೆನ್ರಿ ಡ್ರೇಫಸ್ ಎಂಬ ಪ್ರಸಿದ್ಧ ವಿನ್ಯಾಸಕಾರನದು. ಜೊತೆಯ ಹಡಗು 'ಕಾನ್‌ಸ್ಟಿಟ್ಯೂಷನ್'. ಚಿತ್ರನಟಿ ಗ್ರೇಸ್ ಕೆಲ್ಲಿ 1956ರಲ್ಲಿ ಮೊನಾಕೊದ ರಾಜಕುಮಾರನನ್ನು ಮದುವೆಯಾಗಲು ಹೋದದ್ದು ಅದರಲ್ಲೇ. ವಿಮಾನ ಬಂತು, ಇಂಥ ಹಡಗುಗಳ ಕಾಲ ಮುಗಿಯಿತು. 1980ರಿಂದ 'ಇಂಡಿಪೆಂಡೆನ್ಸ್' ಹವಾಯಿ ದ್ವೀಪಗಳ ನಡುವೆ ವಿಹಾರದ ಹಡಗಾಗಿ ತಿರುಗಿತು. 1997ರಲ್ಲಿ 'ಕಾನ್‌ಸ್ಟಿಟ್ಯೂಷನ್' ಗುಜರಿಗೆಂದು ಎಳೆದೊಯ್ಯುತ್ತಿದ್ದಾಗ ನಡುಕಡಲಲ್ಲೇ ಮುಳುಗಿತು. ಇಂಡಿಪೆಂಡೆನ್ಸಿಗೆ ಆ ಅದೃಷ್ಟವೂ ಇರಲಿಲ್ಲ. 2001ರಲ್ಲಿ ಒಡೆಯರು ದಿವಾಳಿಯೆದ್ದರು. ಅಲ್ಲಿಂದ 2008ರ ಫೆಬ್ರವರಿಯವರೆಗೆ ಅದು ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ನೀರಿನಲ್ಲಿ ಸುಮ್ಮನೆ ನಿಂತಿತ್ತು. ಕ್ಯಾಮೆರಾ ಹೊತ್ತವರು ಒಳಹೊಕ್ಕದ್ದು ಆ ದಿನಗಳಲ್ಲಿ. ಪರರ ಹಡಗಿಗೆ ಕದ್ದು ಹತ್ತುವುದನ್ನು ನಾನು ಮೆಚ್ಚಲಾರೆ. ತುಕ್ಕು ತಿಂದ ಮೆಟ್ಟಿಲು ಕಾಲ ಕೆಳಗೆ ಕುಸಿದರೆ ಕೂಗಿದರೂ ಕೇಳುವವರಿಲ್ಲ. ಇರಲಿ, ಚಿತ್ರ ನೋಡುವಾಗ ಪೊಲೀಸರ ಕೆಲಸ ನಮ್ಮದಲ್ಲ.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಆನಂದವರ್ಧನನಲ್ಲಿ ಆಧಾರವುಂಟು. ಮಹಾಭಾರತದ ಸ್ತ್ರೀಪರ್ವದಲ್ಲಿ ಭೂರಿಶ್ರವಸನ ಮಡದಿ ರಣಭೂಮಿಯಲ್ಲಿ ಬಿದ್ದ ಗಂಡನ ತುಂಡಾದ ಕೈಯನ್ನು ಕಂಡು, ಆ ಕೈ ಹಿಂದೆ ತನ್ನೊಡನೆ ಆಡಿದ ಸರಸವನ್ನು ನೆನೆದು ಅಳುತ್ತಾಳೆ. ಶೃಂಗಾರದ ನೆನಪು ಶೋಕಕ್ಕೆ ಅಡ್ಡಿಯಲ್ಲ, ಅದನ್ನು ಇಮ್ಮಡಿಸುತ್ತದೆ. ಸಹಜವಾಗಿ ಚೆಲುವಾದ ವಸ್ತು ದುರವಸ್ಥೆಗೆ ಬಂದಾಗ ಅದರ ಹಿಂದಿನ ವಿಲಾಸವೇ ನಮ್ಮನ್ನು ಹೆಚ್ಚು ಕಲಕುತ್ತದೆ ಎಂಬುದು 'ಧ್ವನ್ಯಾಲೋಕ'ದ ವಿಚಾರ. ವಾದ್ಯ ನುಡಿದ, ಜನ ಕುಣಿದ, ಷಾಂಪೇನು ಹರಿದ ಅಂಗಣ ಇಂದು ಧೂಳಿನಲ್ಲಿ ನಿಂತಿದೆ ಎಂದ ಮೇಲೆ ಕರುಣಕ್ಕೆ ಇನ್ನೇನು ಬೇಕು?

ಬೇಕಾದದ್ದು ಒಂದಿದೆ. ಆ ಮಡದಿಗೆ ಆ ಕೈಯ ಪರಿಚಯವಿತ್ತು. ರನ್ನನ 'ಗದಾಯುದ್ಧ'ವನ್ನು ನೆನೆಯಿರಿ. ಸಂಜಯನೊಡನೆ ಹೆಣಗಳ ನಡುವೆ ಎಡವುತ್ತ ನಡೆಯುವ ದುರ್ಯೋಧನ ಕಾಣುವುದು ಬರಿಯ ಶವಗಳನ್ನಲ್ಲ. ಇವರು ಗುರು ದ್ರೋಣರು, ಇವನು ತಮ್ಮ ದುಶ್ಶಾಸನ, ಇವನು ಮಗ ಲಕ್ಷಣ, ಇವನು ಕರ್ಣ ಎಂದು ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ಅವರ ಸಾವಿನಲ್ಲಿ ತನ್ನ ಪಾಲಿದೆಯೆಂಬುದು ಅವನಿಗೂ ಗೊತ್ತು, ನಮಗೂ ಗೊತ್ತು. ಆ ನಡಿಗೆಯಲ್ಲಿ ಕರುಣ ಹುಟ್ಟುವುದು ಈ ಸಂಬಂಧದಿಂದ. ರಾತ್ರಿ ಹಡಗಿನಲ್ಲಿ ನಡೆದಾಡುವ ಛಾಯಾಗ್ರಾಹಕನಿಗೆ ಅಂಥ ಸಂಬಂಧವಿಲ್ಲ. ಅವನು ಅಪರಿಚಿತ, ಅಪರಿಚಿತನ ಕಣ್ಣಿಗೆ ಮೊದಲು ಒದಗುವುದು ಅದ್ಭುತ. ನಾನು ಕಂಡ ಹೆಚ್ಚಿನ ಚಿತ್ರಗಳು ಅದ್ಭುತರಸದವು, ಕರುಣದ ವೇಷ ತೊಟ್ಟಂಥವು. ಇದು ದೋಷವೆಂದು ಹೇಳುತ್ತಿಲ್ಲ, ಹೆಸರು ಸರಿಯಾಗಿರಲಿ ಎನ್ನುತ್ತಿದ್ದೇನೆ.

ಈ ಕಲೆಯ ಕಸುಬನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಕತ್ತಲೆಯಲ್ಲಿ ಚಿತ್ರ ಮೂಡಬೇಕಾದರೆ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ಅದರ ಕಣ್ಣನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಆ ಹೊತ್ತಿನಲ್ಲಿ ಛಾಯಾಗ್ರಾಹಕ ಕೈಯಲ್ಲಿ ಟಾರ್ಚು ಹಿಡಿದು, ಗೋಡೆಗೆ ಸುಣ್ಣ ಬಳಿಯುವವನಂತೆ ಬೆಳಕು ಬಳಿಯುತ್ತ ಚಿತ್ರದೊಳಗೇ ಓಡಾಡುತ್ತಾನೆ. ಒಂದೆಡೆ ನಿಲ್ಲದೆ, ತನ್ನ ಮೇಲೆ ಬೆಳಕು ಬೀಳಿಸಿಕೊಳ್ಳದೆ ನಡೆದರೆ ಅವನು ಚಿತ್ರದಲ್ಲಿ ಮೂಡುವುದಿಲ್ಲ. ಅವನು ಬಳಿದ ಬೆಳಕು ಮಾತ್ರ ಉಳಿಯುತ್ತದೆ. ನೀರಿನ ಮೇಲಿನ ಹಡಗಿನಲ್ಲಿ ಇದರಿಂದ ಒಂದು ಸೋಜಿಗವೂ ಆಗುತ್ತದೆ. ಕ್ಯಾಮೆರಾ ಹಡಗಿನೊಡನೆಯೇ ಓಲಾಡುವುದರಿಂದ ಕೋಣೆ, ಕುರ್ಚಿ, ಕಿಟಕಿಯ ದುಂಡು ಚೌಕಟ್ಟು ಎಲ್ಲವೂ ಕಲ್ಲಿನಲ್ಲಿ ಕೊರೆದಂತೆ ಸ್ಪಷ್ಟ. ಕಿಟಕಿಯಾಚೆ ದಡದ ದೀಪಗಳು ಮಾತ್ರ ಕದಡಿ ಗೀಟುಗಳಾಗುತ್ತವೆ. ಸತ್ತ ಹಡಗು ನಿಶ್ಚಲವಾಗಿದೆ, ಬದುಕಿದ ಊರು ತೇಲಾಡುತ್ತಿದೆ! ಇಂಥ ಒಂದೆರಡು ಚಿತ್ರಗಳ ಮುಂದೆ ನಾನು ಬಹಳ ಹೊತ್ತು ಕುಳಿತೆ. ಉಪಮೆ ಹುಡುಕಿ ತಂದದ್ದಲ್ಲ, ಕಸುಬೇ ಕೊಟ್ಟದ್ದು. ಒಳ್ಳೆಯ ಕಾವ್ಯದಲ್ಲಿಯೂ ಹಾಗೆಯೇ ಆಗುತ್ತದೆ.

ಆದರೆ ಚಲಿಸುವವನು ಅಳಿಸಿಹೋಗುತ್ತಾನೆ ಎಂಬ ನಿಯಮಕ್ಕೆ ಇನ್ನೊಂದು ಮುಖವಿದೆ. 1838ರಲ್ಲಿ ದಾಗೇರ್ ಪ್ಯಾರಿಸ್ಸಿನ ಬೀದಿಯೊಂದನ್ನು ತನ್ನ ಕಿಟಕಿಯಿಂದ ಸೆರೆಹಿಡಿದ. ಗಿಜಿಗುಡುವ ಬೀದಿ ಚಿತ್ರದಲ್ಲಿ ಬರಿದಾಗಿ ಕಾಣುತ್ತದೆ. ಬೂಟಿಗೆ ಪಾಲಿಷು ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಸ್ಪಷ್ಟವಾಗಿ ಉಳಿದ. ಪಾಲಿಷು ಹಾಕುತ್ತಿದ್ದವನು ಮಸುಕಾದ. ದುಡಿಯುವ ಕೈ ಅಲುಗುತ್ತದಲ್ಲ! ಹಡಗಿನ ರಾತ್ರಿಚಿತ್ರಗಳಲ್ಲಿ ಊಟದ ಶಾಲೆ, ನೃತ್ಯದ ಅಂಗಣ, ಈಜುಕೊಳಗಳೇ ಹೆಚ್ಚು. ಕೆಳಗೆ ಆಳುಕಾಳುಗಳು ಮಲಗುತ್ತಿದ್ದ ಇಕ್ಕಟ್ಟು ಗೂಡುಗಳಿಗೆ ಇಳಿದವರು ಕಡಮೆ. ಇಳಿದವರ ಚಿತ್ರಗಳೇ ನನ್ನ ಮಟ್ಟಿಗೆ ಮೇಲು.

ಇನ್ನು ಆ ಬಣ್ಣದ ಮಾತು. ಎಲೆಎಲೆಯಾಗಿ ಎದ್ದ ಬಣ್ಣವಿಲ್ಲದ ಚಿತ್ರವೇ ಇಲ್ಲವೆನ್ನಬಹುದು. ಟಾರ್ಚಿನ ಓರೆಬೆಳಕಿನಲ್ಲಿ ಅದು ಹಕ್ಕಿಯ ಪುಕ್ಕದಂತೆ ಹೊಳೆಯುತ್ತದೆ. ಆ ಕಾಲದ ಹಡಗುಗಳ ಬಣ್ಣದಲ್ಲಿ, ವಿದ್ಯುತ್ ತಂತಿಗಳ ಹೊದಿಕೆಯಲ್ಲಿ ಪಿ.ಸಿ.ಬಿ. ಎಂಬ ವಿಷವಸ್ತು ಇರುತ್ತಿತ್ತು. ಗೋಡೆಗಳ ನಡುವೆ ಕಲ್ನಾರು. ಇಂಡಿಪೆಂಡೆನ್ಸನ್ನು ದೇಶದಿಂದಾಚೆ ಸಾಗಿಸಿದ್ದಕ್ಕಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸಂಬಂಧಪಟ್ಟ ಕಂಪನಿಗಳು 2009ರಲ್ಲಿ 5,18,500 ಡಾಲರು ದಂಡ ತೆತ್ತವು. ದಂಡವೇನೋ ಸಂದಿತು, ಹಡಗು ಹಿಂತಿರುಗಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ 'ಪ್ಲಾಟಿನಂ 2' ಎಂಬ ಹೊಸ ಹೆಸರು ಹೊತ್ತು ಅದು ಬಂದದ್ದು ನಮ್ಮ ಗುಜರಾತಿಗೆ, ಭಾವನಗರದ ಕರಾವಳಿಗೆ.

ಅಲ್ಲಿನ ಅಲಂಗ್ ದಡವನ್ನು ಕುರಿತು ಓದುಗರು ಕೇಳಿರಬಹುದು. ಹತ್ತು ಮೀಟರಿನಷ್ಟು ಏರುವ ಭರತದ ನೀರಿನಲ್ಲಿ ಹಡಗನ್ನು ದಡಕ್ಕೆ ನುಗ್ಗಿಸುತ್ತಾರೆ. ಇಳಿತ ಬಂದಾಗ ಅದು ಕೆಸರಿನಲ್ಲಿ ನಿಲ್ಲುತ್ತದೆ. ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಕೂಲಿಗಳು ಗ್ಯಾಸಿನ ಉರಿಯಿಂದ ಅದನ್ನು ಕತ್ತರಿಸುತ್ತಾರೆ. ಬಣ್ಣ ಬಳಿದ ಉಕ್ಕಿಗೆ ಉರಿ ತಾಗಿದರೆ ಬಣ್ಣ ಹೊಗೆಯಾಗುತ್ತದೆ. ಚಿತ್ರದಲ್ಲಿ ನಾವು ಸವಿದ ಪುಕ್ಕವೇ ಆ ಹೊಗೆ. ಇಂಡಿಪೆಂಡೆನ್ಸನ್ನು ಒಡೆಯಲು ಕೇಂದ್ರದ ಪರಿಸರ ಸಚಿವಾಲಯ ಅನುಮತಿ ಕೊಡಲಿಲ್ಲ. ಅದು ಗೋಪನಾಥದ ಬಳಿ ನೆಲಕಚ್ಚಿ, ಬೆನ್ನು ಮುರಿದುಕೊಂಡು, ನಿಂತಲ್ಲೇ ಚೂರುಚೂರಾಯಿತು.

ಹಡಗು ಒಡೆಯುವವರ ಚಿತ್ರಗಳೇ ಇಲ್ಲವೆಂದಲ್ಲ. ಬ್ರೆಜಿಲಿನ ಸೆಬಾಸ್ಟಿಯಾವೊ ಸಾಲ್ಗಾಡೊ ಅವರು ಬಾಂಗ್ಲಾದೇಶದ ಚಿತ್ತಗಾಂಗ್ ದಡದಲ್ಲಿ ತೆಗೆದ ಚಿತ್ರಗಳು 1993ರಲ್ಲಿ ಪ್ರಕಟವಾದ ಅವರ 'ವರ್ಕರ್ಸ್' ಗ್ರಂಥದಲ್ಲಿವೆ. ಅವು ಹಗಲಿನ ಚಿತ್ರಗಳು, ತುಂಬ ಮನುಷ್ಯರು. ಅಲ್ಲಿ ಹಡಗಿಗಿಂತ ಮೊದಲು ಭುಜಗಳು ಕಾಣುತ್ತವೆ. ದುಡಿಮೆಯನ್ನು ಅವರು ತೀರ ಭವ್ಯಗೊಳಿಸಿದರು ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಆದರೂ ಇಂಡಿಪೆಂಡೆನ್ಸಿನ ರಾತ್ರಿಚಿತ್ರವನ್ನೂ ಆ ಹಗಲಿನ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹೊಳೆದದ್ದು. ಒಂದು ಚಿತ್ರದ ಬಣ್ಣ ಇನ್ನೊಂದು ಚಿತ್ರದವನ ಎದೆಯೊಳಗೆ ಹೋಗುತ್ತದೆಂದು ತಿಳಿದಾಗ ನೋಡುಗನೂ ಅಪರಿಚಿತನಾಗಿ ಉಳಿಯುವುದಿಲ್ಲ. ದುರ್ಯೋಧನನಂತೆ ತನ್ನ ಪಾಲನ್ನೂ ಲೆಕ್ಕ ಹಾಕಬೇಕಾಗುತ್ತದೆ. ಕರುಣ ಹುಟ್ಟುವುದು ಅಲ್ಲಿ.

ಹುಡುಗನಿಗೆ ಇದನ್ನೆಲ್ಲ ಪತ್ರ ಬರೆದು ತಿಳಿಸಿದೆ. ಅಲಂಗ್‌ಗೆ ಹೋಗಿಬರುವ ಆಸೆಯಿದೆ, ಆದರೆ ಅಲ್ಲಿ ಕ್ಯಾಮೆರಾ ಒಳಗೆ ಬಿಡುವುದಿಲ್ಲವಂತೆ ಸಾರ್ ಎಂದು ಉತ್ತರ ಬಂದಿದೆ.