ದೀಪ ಶಾಂತ ಮಾಡಪ್ಪ

ಅಮ್ಮ ಆರು ತಿಂಗಳಿಗೆಂದು ಲಾಸ್ ಕೊಲಿನಾಸ್‌ನ ನಮ್ಮ ಮನೆಗೆ ಬಂದಿದ್ದಾಗಿನ ಮಾತು. ನಮ್ಮಲ್ಲಿ ದೀಪ ಹಾಕಲು, ಆರಿಸಲು ಮೇಜಿನ ಮೇಲಿನ ಡಬ್ಬಿಗೆ ಬಾಯಲ್ಲಿ ಹೇಳಿದರೆ ಸಾಕು. ಮಂಡಿನೋವಿನ ಅಮ್ಮನಿಗೆ ಇದಕ್ಕಿಂತ ಅನುಕೂಲ ಬೇಕೆ ಎಂದುಕೊಂಡಿದ್ದೆ. ಮೊದಲ ರಾತ್ರಿ ಅಮ್ಮ ಅದರತ್ತ ತಿರುಗಿ, ‘ದೀಪ ಶಾಂತ ಮಾಡಪ್ಪ’ ಎಂದಳು. ಡಬ್ಬಿ ಸುಮ್ಮನಿತ್ತು. ‘ಅಜ್ಜಿ, ಅದಕ್ಕೆ ಕನ್ನಡ ಬರಲ್ಲ’ ಎಂದು ಮಗಳು ನಕ್ಕಳು. ಕನ್ನಡ ತಿಳಿಯುವ ಬೇರೊಂದು ವ್ಯವಸ್ಥೆಯನ್ನು ಫೋನಿನಲ್ಲಿ ಹಾಕಿಕೊಟ್ಟೆ. ಅದು ಅಮ್ಮನ ಮಾತನ್ನು ಒಂದಕ್ಷರವೂ ತಪ್ಪದೆ ಬರೆಯಿತು. ದೀಪ ಮಾತ್ರ ಉರಿಯುತ್ತಲೇ ಇತ್ತು.

ದೀಪವನ್ನು ‘ಆರಿಸು’ ಎನ್ನಬಾರದೆಂಬುದು ಅಮ್ಮನ ಕಾಲದವರ ರೂಢಿ. ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುವ ಹಾಗೆ. ಅವಳಿಗೆ ಇದೇ ಸಹಜವಾದ ಮಾತು.

ಮಾತು, ಸ್ಪರ್ಶ, ಕೈಸನ್ನೆಗಳಿಂದಲೇ ಯಂತ್ರದೊಡನೆ ವ್ಯವಹರಿಸುವುದನ್ನು ಕಂಪ್ಯೂಟರ್ ಲೋಕ ‘ನ್ಯಾಚುರಲ್ ಯೂಸರ್ ಇಂಟರ್‌ಫೇಸ್’ ಎಂದು ಕರೆಯುತ್ತದೆ. ಕನಸು ಹಳೆಯದು. ಪರದೆಯತ್ತ ಕೈ ತೋರಿ ‘ಅದನ್ನು ಅಲ್ಲಿಡು’ ಎಂದರೆ ಪಾಲಿಸುವ ವ್ಯವಸ್ಥೆಯನ್ನು ಎಂಐಟಿಯ ರಿಚರ್ಡ್ ಬೋಲ್ಟ್ 1980ರಲ್ಲೇ ವಿವರಿಸಿದ್ದರು. 2010ರಲ್ಲಿ ಮೈಕ್ರೋಸಾಫ್ಟ್, ಕೈಯಲ್ಲಿ ಏನೂ ಹಿಡಿಯದೆ ಆಟವಾಡಿಸುವ ಕಿನೆಕ್ಟ್ ತಂದಿತು. ಅದೇ ವರ್ಷ ವಿನ್ಯಾಸ ಚಿಂತಕ ಡಾನ್ ನಾರ್ಮನ್ ತಕರಾರು ತೆಗೆದರು: ಈ ಸನ್ನೆಗಳು ಸಹಜವಲ್ಲ, ಕಲಿಯಬೇಕಾದವು, ಅವು ಗುರುತು ಉಳಿಸದೆ ಮಾಯವಾಗುವುದರಿಂದ ತಪ್ಪಿದ್ದೆಲ್ಲಿ ಎಂದೂ ತಿಳಿಯದು. ಕಿನೆಕ್ಟ್‌ನ ತಯಾರಿಕೆ 2017ರಲ್ಲಿ ನಿಂತಿತು.

ನಾರ್ಮನ್ ಹೇಳಿದ್ದು ನಿಜ. ಆದರೆ ಕನ್ನಡದವರಾಗಿ ನಾವು ಇನ್ನೊಂದು ಪ್ರಶ್ನೆ ಕೇಳಬೇಕು: ಕಲಿಯಬೇಕಾದವರು ಯಾರು, ಮನುಷ್ಯರೋ ಯಂತ್ರವೋ?

ಕೆ.ಪಿ. ರಾವ್ ಅವರ ಕೀಲಿಮಣೆಯನ್ನು ನೋಡಿ. ಇಂಗ್ಲಿಷ್ ಅಕ್ಷರ ಅಚ್ಚಾದ ಗುಂಡಿ ಒತ್ತಿ ಕನ್ನಡ ಬರೆಯುವುದು ಯಾವ ಲೆಕ್ಕದಲ್ಲೂ ಸಹಜವಲ್ಲ. ಆದರೂ ‘ಕೆ’ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ; ಕ ಆದಮೇಲೆ ‘ಐ’ ಒತ್ತಿದರೆ ಕಿ; ಎರಡು ವ್ಯಂಜನಗಳ ನಡುವೆ ‘ಎಫ್’ ಬಂದರೆ ಒತ್ತಕ್ಷರ. ಕಾಗುಣಿತ ಬಲ್ಲವರಿಗೆ ಇದು ಬೇಗ ಕೈಗೆ ಹತ್ತುತ್ತದೆ, ಏಕೆಂದರೆ ಮಾಡಿದವರಿಗೆ ಕನ್ನಡ ಅಕ್ಷರದ ಒಳಗಟ್ಟು ಗೊತ್ತಿತ್ತು. ‘ನುಡಿ’ ಅದನ್ನು ಕಚೇರಿಗಳಿಗೆ ಮುಟ್ಟಿಸಿತು. 1998ರಲ್ಲಿ ಶೇಷಾದ್ರಿವಾಸು ತಂದ ‘ಬರಹ’ದಿಂದ ನಮ್ಮಂಥ ಹೊರನಾಡಿನವರೂ ಕನ್ನಡದಲ್ಲೇ ಬರೆಯುವಂತಾಯಿತು. ಅಲ್ಲಿ ಯಂತ್ರ ಒಂದು ಹೆಜ್ಜೆ ಬಂತು, ನಾವೂ ಒಂದು ಹೆಜ್ಜೆ ಹೋದೆವು.

ಧ್ವನಿಯ ಉಪಕಾರವನ್ನು ನಾನು ಅಲ್ಲಗಳೆಯುತ್ತಿಲ್ಲ. 2017ರಲ್ಲಿ ಗೂಗಲ್ ತನ್ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿಸಿತು. ಕಣ್ಣು ಮಂಜಾದವರು, ಟೈಪ್ ಮಾಡಲು ಬಾರದವರು ಈಗ ಬಾಯಲ್ಲಿ ಹೇಳಿ ಮಕ್ಕಳಿಗೆ ಸಂದೇಶ ಕಳಿಸಬಹುದು. ಇದೇನು ಸಣ್ಣ ಮಾತಲ್ಲ.

ನನ್ನ ಜಗಳ ‘ಸಹಜ’ ಎಂಬ ಹೆಸರಿನೊಡನೆ. ಕೀಲಿಮಣೆ ತಾನು ಸಹಜ ಎಂದು ಹೇಳಿಕೊಳ್ಳುವುದಿಲ್ಲ. ಅಲ್ಲಿ ಎಡವಿದರೆ ‘ನಾನಿನ್ನೂ ಕಲಿತಿಲ್ಲ’ ಎಂದುಕೊಂಡು ಮತ್ತೆ ಕೂರುತ್ತೇವೆ. ಸಹಜ ಎನ್ನಿಸಿಕೊಂಡಿದ್ದರ ಮುಂದೆ ಎಡವಿದವರು ತಮ್ಮನ್ನೇ ಅನುಮಾನಿಸುತ್ತಾರೆ. ‘ನನ್ನ ಮಾತೇ ಸರಿಯಿಲ್ಲವೇನೋ’ ಎಂದಳು ಅಮ್ಮ. ಎಪ್ಪತ್ತು ವರ್ಷ ಆಡಿದ ಕನ್ನಡದ ಬಗ್ಗೆ ಅವಳಿಗೆ ಈ ಅನುಮಾನ ಹುಟ್ಟಿಸಿದ್ದು ಅಂಗೈಯಗಲದ ಒಂದು ಡಬ್ಬಿ. ಪಕ್ಕದಲ್ಲಿದ್ದ ಮೊಮ್ಮಗಳೂ ಅದನ್ನು ಕೇಳಿಸಿಕೊಂಡಳು. ನನಗೆ ಭಯವಾಗುವುದು ಅಲ್ಲಿ. ಯಂತ್ರಕ್ಕೆ ತಿಳಿಯದ ಕನ್ನಡ ತಪ್ಪು ಕನ್ನಡ ಎಂದು ಮಕ್ಕಳು ನಂಬಿಬಿಟ್ಟರೆ, ಭಾಷೆಯಲ್ಲಿ ಆಜ್ಞೆಗಳಷ್ಟೇ ಉಳಿದಾವು. ಆ ಕೊನೆಯ ‘ಅಪ್ಪ’ ಮೊದಲು ಹೋದೀತು.

ಮೂರನೇ ವಾರ ಅಮ್ಮ ‘ಲೈಟ್ಸ್ ಆಫ್’ ಎಂದಳು. ದೀಪ ಆರಿತು, ಮಗಳು ಚಪ್ಪಾಳೆ ತಟ್ಟಿದಳು. ಕಲಿತದ್ದು ಅಮ್ಮ, ಡಬ್ಬಿ ಇದ್ದ ಹಾಗೇ ಇತ್ತು.

ತಂತ್ರಾಂಶ ಬರೆದು ಬದುಕುವ ಕನ್ನಡಿಗರು ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ಎಷ್ಟೋ ಮಂದಿ ಇದ್ದೇವೆ. ಒಂದು ಯಂತ್ರ ಸಹಜವೋ ಅಲ್ಲವೋ ಎಂದು ತಿಳಿಯಲು ಪ್ರಯೋಗಶಾಲೆಗೇ ಹೋಗಬೇಕಿಲ್ಲ. ಊರಿನಿಂದ ಬಂದ ಅಮ್ಮನನ್ನೋ ಅತ್ತೆಯನ್ನೋ ಅದರ ಮುಂದೆ ಕೂರಿಸಿ, ಹೀಗೆ ಹೇಳಿ ಎಂದು ಕಲಿಸದೆ, ಸುಮ್ಮನೆ ಕೇಳಿಸಿಕೊಂಡರೆ ಸಾಕು.